ಮೂರ್ತಿಯವರ ಗೋಧಿ ನುಚ್ಚಿನ ಸಲಾಡ್

ಅರಸೀಕೆರೆಯ ದಕ್ಷಿಣಾಮೂರ್ತಿಯವರು ಕೇಂದ್ರ ಸರ್ಕಾರದ ಗುಮಾಸ್ತರಾಗಿ ದೆಹಲಿಗೆ ಬಂದಾಗ ಅವರಿಗೆ ಬರುತ್ತಿದ್ದ ಅಡುಗೆ ಎಂದರೆ ಹಾಲು ಕಾಯಿಸುವುದು. ಅದೂ ಉಕ್ಕಿ ಹೋಗುತ್ತಿತ್ತು. ಮುನಿರ್ಕಾ ಬಡಾವಣೆಯ ನೆಲಮಹಡಿಯಲ್ಲೊಂದು ಮನೆ, ಹೆಂಡತಿ ವೈಜಯಂತಿ, ಕಾಲೇಜಿಗೆ ಹೋಗುವ ಮಗಳು ಹರ್ಷಿಣಿ ಎಲ್ಲ ಆದಮೇಲೂ ಆ ವಿದ್ಯೆ ಬೆಳೆಯಲಿಲ್ಲ. ತುಂಬಾ ಸಂಕೋಚದ ಮನುಷ್ಯ. ನೆರೆಯವರು ಎದುರಾದರೆ ತಲೆ ತಗ್ಗಿಸಿಕೊಂಡು ಹೋಗಿಬಿಡುತ್ತಿದ್ದರು.

2004ರ ಬೇಸಿಗೆಯಲ್ಲಿ ಡಾಕ್ಟರು ಅವರ ರಕ್ತ ಪರೀಕ್ಷೆ ನೋಡಿ, ಶುಗರ್ ಏರುತ್ತಿದೆ, ಅನ್ನ ಕಡಿಮೆ ಮಾಡಿ ಎಂದರು. ಅದೇ ವಾರ ವೈಜಯಂತಿ ತಂಗಿಯ ಮಗಳ ಮದುವೆಗೆ ಊರಿಗೆ ಹೊರಟರು.

"ರೀ, ಗೋಧಿ ನುಚ್ಚು ಬೇಯಿಸಿ ಆರಿಸಿ. ಸೌತೆಕಾಯಿ, ಟೊಮೆಟೊ, ಕೊತ್ತಂಬರಿ ಹೆಚ್ಚಿಹಾಕಿ ನಿಂಬೆಹಣ್ಣು ಹಿಂಡಿ. ಕಾಲು ಗಂಟೆ ಕೆಲಸ," ಎಂದು ರೈಲಿನ ಕಿಟಕಿಯಿಂದಲೇ ಪಾಠ ಹೇಳಿದರು. ನುಚ್ಚು ಎಷ್ಟು ಎಂದು ಮೂರ್ತಿಯವರು ಕೇಳುವಷ್ಟರಲ್ಲಿ ರೈಲು ಹೊರಟಿತು.

ಮಂಗಳವಾರ ರಜೆಯಿತ್ತು. ಸಲಾಡ್ ಎಂದರೆ ಹಗುರವಾದ ತಿಂಡಿ, ಇಬ್ಬರಿಗೆ ಒಂದು ಪ್ಯಾಕೆಟ್ಟಾದರೂ ಬೇಕು ಎಂದುಕೊಂಡ ಅವರು ಎರಡು ಕಿಲೋದ ಪ್ಯಾಕೆಟ್ಟನ್ನು ಕುದಿಯುವ ನೀರಿಗೆ ಪೂರ್ತಿ ಸುರಿದರು. ನುಚ್ಚು ಅರಳಿತು. ಅರ್ಧವನ್ನು ಕುಕ್ಕರಿಗೆ ದಾಟಿಸಿದರೆ ಅಲ್ಲಿಯೂ ಅರಳಿತು. ಕೊನೆಗೆ ಹಬ್ಬಕ್ಕೆ ಮಾತ್ರ ಅಟ್ಟದಿಂದ ಇಳಿಸುವ ದೊಡ್ಡ ಕೊಳದಪ್ಪಲೆಗೆ ಎಲ್ಲವನ್ನೂ ಸುರಿದು, ನುಚ್ಚಿನ ಲೆಕ್ಕಕ್ಕೆ ಸರಿಯಾಗಲೆಂದು ಮನೆಯಲ್ಲಿದ್ದ ತರಕಾರಿಯನ್ನೆಲ್ಲ ಹೆಚ್ಚಿಹಾಕಿದರು.

ಹರ್ಷಿಣಿ ಎದ್ದು ಬಂದು ಕಣ್ಣುಜ್ಜಿಕೊಂಡಳು. "ಅಪ್ಪಾ, ಯೇ ಕ್ಯಾ ಹೈ? ಮದುವೆ ಅಲ್ಲಿ, ಅಡುಗೆ ಇಲ್ಲಿನಾ?"

"ಮಾತು ಬೇಡ, ಆ ಕಡೆ ಹಿಡ್ಕೋ. ಹೊರಗೆ ಗಾಳಿಗಿಟ್ರೆ ಬೇಗ ಆರುತ್ತೆ."

ಗೇಟಿನ ಬಳಿ ಬೇವಿನ ಮರದಡಿ ಸ್ಟೂಲಿನ ಮೇಲೆ ಕೊಳದಪ್ಪಲೆ ಇಟ್ಟು ಮೂರ್ತಿಯವರು ಸೌಟಿನಿಂದ ಕಲಸುತ್ತ ನಿಂತರು. ಒಂದು ಆಟೋ ನಿಂತಿತು, ಚಾಲಕ ತಲೆ ಹೊರಹಾಕಿದ.

"ಭಂಡಾರಾ ಹೈ ಕ್ಯಾ, ಬಾಬೂಜಿ?"

ಮಂಗಳವಾರ ದೆಹಲಿಯ ಬೀದಿಯಲ್ಲಿ ಯಾರಾದರೂ ದೊಡ್ಡ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತರೆ ಅದು ದೇವರ ಹೆಸರಿನಲ್ಲಿ ಊಟ ಹಂಚುವ ಭಂಡಾರಾ ಎಂದೇ ಅರ್ಥ. ಮೂರ್ತಿಯವರಿಗೆ ಇಲ್ಲ ಎನ್ನಲು ನಾಚಿಕೆಯಾಯಿತು. "ಅಚ್ಛಾ... ಲೀಜಿಯೇ," ಎಂದು ಬಡಿಸಿದರು. ಅವನ ಹಿಂದೆ ಇನ್ನೊಬ್ಬ, ಆಮೇಲೆ ಗಲ್ಲಿಯ ಮಕ್ಕಳು, ಇಸ್ತ್ರಿಯವನು, ಬಸ್ಸು ತಪ್ಪಿಸಿಕೊಂಡವರು. ಸಾಲು ಗಲ್ಲಿಯ ತಿರುವು ದಾಟಿತು. ಮೇಲಿನ ಮನೆಯ ಭಸೀನ್ ಆಂಟಿ ಹುಟ್ಟುಹಬ್ಬಕ್ಕೆ ತಂದು ಉಳಿದಿದ್ದ ಕಾಗದದ ತಟ್ಟೆಗಳೊಂದಿಗೆ ಇಳಿದುಬಂದರು.

"ಪೂರಿ ಕಬ್ ಆಯೇಗೀ?" ಎಂದು ಭಂಡಾರಾದಲ್ಲಿ ಪೂರಿ ತಿಂದೇ ರೂಢಿಯಿದ್ದ ಮುದುಕನೊಬ್ಬ ಕೇಳಿದ.

"ಪೂರಿ ನಹೀಂ. ಶುಗರ್!" ಮೂರ್ತಿಯವರು ತಮ್ಮ ಹೊಟ್ಟೆ ತೋರಿಸಿದರು.

ಮುದುಕ ಅದನ್ನು ಯಾವುದೋ ಸಾಧುವಿನ ಹೆಸರೆಂದು ತಿಳಿದು ಕೈ ಎತ್ತಿದ. "ಶುಗರ್ ಬಾಬಾ ಕೀ..." ಇಡೀ ಸಾಲು "ಜೈ!" ಎಂದು ಕೂಗಿತು. ಗಾಬರಿಯಲ್ಲಿ ಮೂರ್ತಿಯವರೂ ಜೈ ಎಂದರು.

ಮಧ್ಯಾಹ್ನದ ಹೊತ್ತಿಗೆ ತಳ ಕಂಡಿತು. ಹರ್ಷಿಣಿ ಉಳಿದದ್ದನ್ನು ಕೆರೆದು ಬಾಯಿಗೆ ಹಾಕಿಕೊಂಡಳು.

"ಹೇಗಿದೆ ಪುಟ್ಟಿ?"

"ಉಪ್ಪೇ ಇಲ್ಲ, ಅಪ್ಪಾ!"

ಮೂರ್ತಿಯವರಿಗೆ ನಗು ತಡೆಯಲಾಗಲಿಲ್ಲ. ಅಷ್ಟು ಜನ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ತಿಂದಿದ್ದರು, ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಗೋಡೆಗೊರಗಿ ನಗುತ್ತಿದ್ದ ಅವರನ್ನು ಕಂಡು ಭಸೀನ್ ಆಂಟಿಯೂ ನಕ್ಕು, ತಂದೆ ಮಗಳಿಬ್ಬರಿಗೂ ಮೇಲಿಂದ ರಾಜ್ಮಾ ಕಳಿಸಿದರು.

ವೈಜಯಂತಿ ಊರಿಂದ ಮರಳಿದ ದಿನ ಆಟೋದವನು ವಿಳಾಸ ಕೇಳಿ, "ಅಚ್ಛಾ, ಶುಗರ್ ಬಾಬಾ ವಾಲೀ ಗಲೀ?" ಎಂದ. ಇವನು ದಾರಿ ತಪ್ಪಿಸುತ್ತಿದ್ದಾನೆಂದು ಆಕೆ ದಾರಿಯುದ್ದಕ್ಕೂ ಜಗಳವಾಡಿದರು. ಇಳಿದು ನೋಡಿದರೆ ಗಂಡ ಮೆಟ್ಟಿಲ ಮೇಲೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದಾರೆ. ಭಸೀನ್ ಆಂಟಿ, ಇಸ್ತ್ರಿಯವನು ಪಕ್ಕದಲ್ಲಿ ಕೂತು ಹರಟುತ್ತಿದ್ದಾರೆ.

"ಏನ್ರೀ ಇದು? ನಾನು ಮದುವೆಗೆ ಹೋಗಿ ಬರೋ ಅಷ್ಟರಲ್ಲಿ ಬಾಬಾ ಆಗಿಬಿಟ್ರಾ?"

"ಬಂದ್ಯಾ? ಕೂತ್ಕೋ," ಎಂದು ಮೂರ್ತಿಯವರು ಆಕೆಯ ಕೈಗೊಂದು ಟೊಮೆಟೊ ಕೊಟ್ಟರು.