ಕಾಕಾ ಬಿಟ್ಟುಕೊಡುತ್ತಿದ್ದ ಸೀಟು

ಹೋದ ವಾರ ಕೂಕಟ್‌ಪಲ್ಲಿಯ ನಮ್ಮ ಮನೆಯ ಬಚ್ಚಲು ರಿಪೇರಿಗೆ ಬಂದಿದ್ದ ಗೌಂಡಿ, ತನ್ನ ಟವೆಲನ್ನು ನಲ್ಲಿಯ ಮೇಲೆ ಮರೆತು ಹೋಗಿದ್ದ. ಎತ್ತಿಡಲು ಹೋದೆ. ಹಸಿ ಸಿಮೆಂಟು, ಬೆವರು, ಒಂದಿಷ್ಟು ತಂಬಾಕು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಏನಾಯಿತು ಎಂದು ಹೆಂಡತಿ ಕೇಳಿದಳು. ಟವೆಲನ್ನು ಮಡಚಿ ಪಕ್ಕಕ್ಕಿಟ್ಟೆ.

ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಅಂಥದೊಂದರೊಳಗೆ ನಾನು ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ; ಇನ್ನೊಂದಕ್ಕೆ, ನಾನು ಕಾಕಾ ಎಂದು ಕರೆಯುತ್ತಿದ್ದ ಗೌಂಡಿಯೊಬ್ಬರು ಗೋಡೆ ಕಟ್ಟುತ್ತಿದ್ದರು. ಶನಿವಾರ ಮಧ್ಯಾಹ್ನ ಇಬ್ಬರೂ ಕಾಚಿಗೂಡ ಸ್ಟೇಷನ್ನಿನಲ್ಲಿ ರಾಯಚೂರಿನ ಕಡೆಯ ರೈಲಿನ ಜನರಲ್ ಬೋಗಿ ಹತ್ತುತ್ತಿದ್ದೆವು. ಆ ಬೋಗಿಯ ಕಾನೂನು ಒಂದೇ. ಯಾರ ಟವೆಲ್ ಮೊದಲು ಕಿಟಕಿಯಿಂದ ಸೀಟಿನ ಮೇಲೆ ಬೀಳುತ್ತದೋ ಸೀಟು ಅವರದು. ಈ ಕಾನೂನಿನ ಸಲುವಾಗಿ ಹರಿದ ಅಂಗಿಗಳಿಗೆ ಲೆಕ್ಕವಿರಲಿಲ್ಲ.

ನಮ್ಮ ಪರಿಚಯವೂ ಹಾಗೆಯೇ ಆದದ್ದು. ಅವರ ಟವೆಲ್ ಕಿತ್ತೆಸೆದು ನಾನು ಕುಳಿತಿದ್ದೆ; ಕೊರಳಲ್ಲಿ ಕಂಪನಿಯ ಕಾರ್ಡು, ನೆತ್ತಿಯಲ್ಲಿ ಅದರ ಪಿತ್ತ. ಐವತ್ತು ದಾಟಿದ ಮನುಷ್ಯ ಟವೆಲ್ ಎತ್ತಿ ಕೊಡವಿ, "ಕೂಡು ತಮ್ಮಾ" ಎಂದು ಸುಮ್ಮನೆ ನಿಂತರು. ಅವರದು ವಾರವಾರವೂ ಇದೇ ಎಂದು ಆಮೇಲೆ ತಿಳಿಯಿತು. ಎಲ್ಲರಿಗಿಂತ ಮೊದಲು ಓಡಿ ಸೀಟು ಹಿಡಿಯುವುದು, ಯಾರು ಜಗಳಕ್ಕೆ ಬರುತ್ತಾರೋ ಅವರಿಗೇ ಬಿಟ್ಟುಕೊಟ್ಟು ರಾಯಚೂರಿನತನಕ ನಿಲ್ಲುವುದು. ಇದೆಂಥ ಹುಚ್ಚು ಎಂದುಕೊಂಡೆ. ಬಿಡುವುದೇ ಆದರೆ ಹಿಡಿಯುವುದೇಕೆ ಎಂದು ಕೇಳಿಯೂ ಬಿಟ್ಟೆ.

"ಕೈ ಎತ್ತೂದು ತಾನ ಬರ್ತೈತಿ ತಮ್ಮಾ, ಇಳಿಸೂದು ಕಲಿಸಬೇಕು" ಎಂದರು. "ವಾರಕ್ಕೊಮ್ಮೆ ಈ ಕೈಗೆ ಕಲಿಸಾಕತ್ತೀನಿ."

ಹರೆಯದಲ್ಲಿ ಹೊಲದ ನೀರಿನ ಪಾಳಿಗೆ ಜಗಳವಾಗಿ ಅವರು ಸ್ವಂತ ತಮ್ಮನ ಕಿವಿಗೆ ಹೊಡೆದಿದ್ದರಂತೆ. ಆ ಕಿವಿ ಮತ್ತೆ ಕೇಳಲಿಲ್ಲ. ಜಗಳ ಬಂದಾಗ ತಾಳ್ಮೆ ತಂದುಕೊಳ್ಳುತ್ತೇನೆ ಅಂದರೆ ಆಗುವ ಮಾತಲ್ಲ, ಸಣ್ಣದರಲ್ಲಿ ರೂಢಿಯಾಗಿದ್ದರೆ ದೊಡ್ಡದರಲ್ಲಿ ಕೈಗೆ ಸಿಗುತ್ತದೆ ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ... ಅವರು ಬಿಟ್ಟುಕೊಟ್ಟ ಕಿಟಕಿ ಸೀಟಿನಲ್ಲಿ ಕುಳಿತುಕೊಂಡೇ.

ತೊಗರಿ ಕೊಯ್ಲಿನ ದಿನಗಳು. ಊರಿಗೆ ಹೊರಟ ಒಬ್ಬ ಕೂಲಿಯವನು ಹೆಂಡತಿಯೊಂದಿಗೆ ಬೋಗಿ ಹತ್ತಿದ. ಅವಳ ಹೆಗಲ ಮೇಲೆ ಜ್ವರದ ಕೂಸು. ಅವನ ಟವೆಲನ್ನು ಯಾರೋ ಸರಿಸಿದ್ದರು. ಮಾತಿಗೆ ಮಾತು ಬೆಳೆಯಿತು, ನಾಲ್ಕು ಜನ ಸೇರಿ ಅವನನ್ನು ದಬ್ಬಿದರು. ಅವನು ಚೀಲದಿಂದ ಕುಡಗೋಲು ಹಿರಿದ. ಬೋಗಿಯ ಜನವೆಲ್ಲ ಹಿಂದೆ ಸರಿಯಿತು.

ಕಾಕಾ ಮುಂದೆ ಹೋದರು. ಬಲಗೈ ಚಾಚಿ, ಅಂಗೈ ಮೇಲೆ ಮಾಡಿ ನಿಂತರು. "ಯಪ್ಪಾ, ಕೂಸಿನ ಮೈ ಸುಡಾಕತ್ತೈತಿ. ಮೊದಲ ಅದನ್ನ ಕೂಡಿಸೂಣು. ಇದನ್ನ ನನ್ನ ಕೈಯಾಗ ಕೊಡು."

ಅವನು ಕೂಸಿನ ಕಡೆ ನೋಡಿದ. ಕುಡಗೋಲು ಮೆಲ್ಲಗೆ ಇಳಿಯುತ್ತಿತ್ತು. ಅದನ್ನು ನಾನು ಕಣ್ಣಾರೆ ಕಂಡೆ, ಇಂದಿಗೂ ಸುಳ್ಳು ಹೇಳಿಕೊಳ್ಳಲಾರೆ. ಇನ್ನೊಂದು ಉಸಿರು ತಡೆದಿದ್ದರೆ ಅದು ಕಾಕಾನ ಅಂಗೈಗೆ ತಾನಾಗಿ ಬರುತ್ತಿತ್ತು. ಆದರೆ ನನ್ನೊಳಗಿನ ಶೂರ ಸುಮ್ಮನಿರಬೇಕಲ್ಲ! ಹಿಂದಿನಿಂದ ಹಾರಿ ಅವನ ಕುತ್ತಿಗೆ ಹಿಡಿದೆ. ಅವನು ಬೆಚ್ಚಿ ಕೊಸರಿದ. ಕುಡಗೋಲು ಕಾಕಾನ ಅಂಗೈಯನ್ನು ಅಡ್ಡಕ್ಕೆ ಸೀಳಿಕೊಂಡು ಹೋಯಿತು.

ಅತ್ತವನು ಆ ಕೂಲಿಯವನೇ. ತನ್ನ ಟವೆಲ್ ಹರಿದು ಕಾಕಾನ ಕೈಗೆ ಕಟ್ಟಿದ. ರೈಲ್ವೆ ಪೊಲೀಸರು ಬಂದಾಗ ಕಾಕಾ, "ಕುಡಗೋಲು ನಂದ ರೀ. ಚೀಲದಾಗಿಂದ ತಗಿಯೂ ಮುಂದ ಕೈಗೆ ಹತ್ತಿತು" ಎಂದರು. ಆ ತಾಯಿಯನ್ನೂ ಕೂಸನ್ನೂ ಕಿಟಕಿ ಪಕ್ಕ ಕೂರಿಸಿಯೇ ಕಾಕಾ ಆಸ್ಪತ್ರೆಗೆಂದು ಕೆಳಗಿಳಿದರು. ನಾನೂ ಇಳಿಯಬೇಕಿತ್ತು. ಇಳಿಯಲಿಲ್ಲ. ಅವರ ಮುಖ ನೋಡುವ ಧೈರ್ಯ ಇರಲಿಲ್ಲ, ಅಷ್ಟೇ.

ತಿಂಗಳ ಮೇಲೆ ಕಾಚಿಗೂಡದಲ್ಲಿ ಮತ್ತೆ ಸಿಕ್ಕರು. ಮೂರು ಬೆರಳು ಮಡಚುತ್ತಿರಲಿಲ್ಲ. ಗಾರೆ ಮೆತ್ತುವ ಕರಣಿ ಹಿಡಿಯಲಾಗದ ಗೌಂಡಿಗೆ ಯಾವ ಕೆಲಸ? ಕಟ್ಟಿದ ಗೋಡೆಗೆ ನೀರು ಹೊಡೆಯುತ್ತಿದ್ದರು, ಅರ್ಧ ಕೂಲಿಗೆ. "ನನಗ ಎರಡು ಬಡೀರಿ ಕಾಕಾ" ಎಂದೆ.

"ಅಂವಾ ಹೆದರಿದ್ದ. ನೀನೂ ಹೆದರಿದ್ದಿ" ಎಂದರು. "ಹೆದರಿದವರನ್ನ ಬಡಿತಾರೇನು?"

ಅಂದು ಎಡಗೈಯಿಂದ ಟವೆಲ್ ಎಸೆದರು. ಅದು ಸೀಟಿನತನಕ ಮುಟ್ಟಲಿಲ್ಲ. ಮುಂದಿನ ಶನಿವಾರದಿಂದ ಕಾಣಲಿಲ್ಲ. ಕೆಲಸ ಬಿಡಿಸಿದರು, ಊರಿಗೆ ಹೋದ ಎಂದು ಅವರ ಜೊತೆಯವನೊಬ್ಬ ಹೇಳಿದ. ಯಾವ ಊರು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಹೆಸರಂತೂ ಎಂದೂ ಕೇಳಿರಲಿಲ್ಲ; ಕಾಕಾ ಅಂದರೆ ಸಾಕಾಗುತ್ತಿತ್ತು.

ಈಗ ನನ್ನ ಹತ್ತಿರ ಕಾರಿದೆ. ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿನ ಪಾರ್ಕಿಂಗಿನಲ್ಲಿ ಡೆಲಿವರಿಯವನೊಬ್ಬ ಅದಕ್ಕೆ ಗಾಡಿ ತಾಗಿಸಿದ. ಇಳಿದು ಹೋದವನೇ ಕೈ ಎತ್ತಿದೆ. ಅವನು ತಲೆ ತಗ್ಗಿಸಿ ಕಣ್ಣು ಮುಚ್ಚಿದ. ಹೊಡೆಯಲಿಲ್ಲ, ಇಳಿಸಿದೆ... ಆದರೆ ಎತ್ತಿದ್ದಂತೂ ಹೌದು. ಕಾಕಾ ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲ. ತಮ್ಮ ಕೈ ಕಳೆದುಕೊಂಡು ಅವರು ಕಲಿಸಿದ್ದು, ಇಷ್ಟು ವರ್ಷಕ್ಕೆ ನನಗೆ ಇಷ್ಟೇ ಬಂದಿದೆ.