ಎಡಬಲ ತಪ್ಪಿದ ಪೆಡಲ್

ಆಸ್ಪತ್ರೆಯವರೆಲ್ಲ ಅವಳನ್ನು ಸ್ಪ್ಯಾನರಮ್ಮ ಎಂದೇ ಕರೆಯುತ್ತಿದ್ದರು. ಅಪ್ಪನ ಸೈಕಲ್ ಶಾಪಿನಲ್ಲಿ ಕೈ ಕಪ್ಪು ಮಾಡಿಕೊಂಡೇ ಬೆಳೆದವಳು. ಈಗ ಕಾಲು ಮುರಿದವರು ವ್ಯಾಯಾಮಕ್ಕೆಂದು ತುಳಿಯುವ ಆರು ಸೈಕಲ್ಲುಗಳ ಉಸ್ತುವಾರಿ ಅವಳದು. ಎಷ್ಟು ತುಳಿದರೂ ನಿಂತಲ್ಲೇ ನಿಂತಿರುವ ಸೈಕಲ್ಲುಗಳು. ಯಾವ ಕಾಲು ಎಷ್ಟು ಬಲ ಹಾಕಿತೆಂದು ಪೆಡಲಿನೊಳಗಿನ ಸೆನ್ಸರ್ ಪಕ್ಕದ ಕೋಣೆಯ ಕಂಪ್ಯೂಟರಿಗೆ ಹೇಳುತ್ತದೆ. ಅದನ್ನು ನೋಡಿಕೊಂಡು, ಮುರಿದ ಕಾಲಿಗೆ ಬಲ ಬಂದಷ್ಟೂ ಥೆರಪಿಸ್ಟ್ ಪೆಡಲನ್ನು ಬಿಗಿ ಮಾಡಿಸುತ್ತಾರೆ.

ಬಲಗಾಲು ಮುರಿದಿದ್ದ ಟೈಲರಕ್ಕ ಎರಡು ವಾರದಿಂದ ಗೊಣಗುತ್ತಿದ್ದಳು. "ತುಂಬಾ ಬಿಗಿ ಕಣೇ, ಪ್ರಾಣ ಹೋಗುತ್ತೆ."

"ನಿಮ್ಮ ಬಲಗಾಲು ಎಡಗಾಲಿಗಿಂತ ಜೋರಾಗಿದೆಯಂತೆ ಅಕ್ಕಾ. ನಾಟಕ ಆಡೋಕೆ ನಮ್ಮ ಸೈಕಲ್ಲೇ ಬೇಕಿತ್ತಾ?" ಎಂದು ಇವಳು ನಕ್ಕಿದ್ದಳು. ಅಲ್ಲಿದ್ದವರೂ ನಕ್ಕಿದ್ದರು.

ಒಂದು ಗುರುವಾರ ಬೆಳಿಗ್ಗೆ ಟೈಲರಕ್ಕನ ಸೈಕಲ್ಲನ್ನು ಒರೆಸುವಾಗ ಸ್ಪ್ಯಾನರಮ್ಮ ಸುಮ್ಮನೆ ತಾನೇ ಹತ್ತಿ ಬಲಗಾಲು ಒತ್ತಿದಳು. ತೆರೆದ ಬಾಗಿಲಾಚೆ, ಪರದೆಯ ಮೇಲೆ ಎಡಗಾಲಿನ ಗೆರೆ ಎದ್ದಿತು. ಮತ್ತೊಮ್ಮೆ ಒತ್ತಿದಳು, ಮತ್ತೆ ಎಡದ್ದೇ. ಎರಡು ವಾರದ ಹಿಂದೆ ಎರಡೂ ಸೆನ್ಸರ್ ಬಿಚ್ಚಿ ಮತ್ತೆ ಜೋಡಿಸಿದ್ದು ಅವಳೇ. ಸೈಕಲ್ಲಿನ ಎದುರಿಗೆ ಮಂಡಿಯೂರಿ, ತನ್ನ ಎಡಕ್ಕೆ ಎಡದ್ದು, ಬಲಕ್ಕೆ ಬಲದ್ದು ಸಿಕ್ಕಿಸಿದ್ದಳು. ಸೀಟಿನಲ್ಲಿ ಕೂತವರಿಗೆ ಅದು ಅದಲುಬದಲು.

ಹೇಳಿದರೆ ಕೆಲಸ ಹೋದೀತು. ಸುತ್ತ ಯಾರೂ ಇರಲಿಲ್ಲ. ಐದೇ ನಿಮಿಷದಲ್ಲಿ ಸರಿ ಮಾಡಿ, ಬಾಯಿಗೆ ಬೀಗ ಹಾಕಿಕೊಂಡಳು.

ಹತ್ತು ಗಂಟೆಗೆ ಟೈಲರಕ್ಕ ತುಳಿಯತೊಡಗಿದಳು. ಥೆರಪಿಸ್ಟ್ ದಡದಡನೆ ಬಂದರು.

"ಏನಮ್ಮಾ ಇದು? ಬಲಗಾಲು ನೂರಕ್ಕೆ ನಲವತ್ತೂ ಇಲ್ಲ. ಮೊನ್ನೆ ಅರವತ್ತಿತ್ತು! ಹೀಗೆ ಮೈಗಳ್ಳತನ ಮಾಡಿದ್ರೆ ಹೇಗೆ?"

ಊದಿದ ಮಂಡಿಯನ್ನು ಕೈಯಿಂದ ಮುಚ್ಚಿಕೊಂಡು ಟೈಲರಕ್ಕ, "ಇನ್ನೂ ಜೋರಾಗಿ ತುಳೀತೀನಿ ಸರ್" ಎಂದಳು.

"ಬೇಡ ಅಕ್ಕಾ, ತುಳೀಬೇಡಿ!" ಸ್ಪ್ಯಾನರಮ್ಮ ಬಂದು ಪೆಡಲ್ ಹಿಡಿದುಕೊಂಡಳು. "ಸರ್, ಸೆನ್ಸರ್ ಉಲ್ಟಾ ಹಾಕಿದ್ದು ನಾನು. ಬೆಳಿಗ್ಗೆ ಗೊತ್ತಾಯ್ತು, ಯಾರಿಗೂ ಹೇಳದೆ ಸರಿ ಮಾಡ್ಬಿಟ್ಟೆ."

ಥೆರಪಿಸ್ಟ್ ಬಗ್ಗಿ ಟೈಲರಕ್ಕನ ಕೈ ಸರಿಸಿದರು. ಮಂಡಿ ಒತ್ತಿ ನೋಡಿ, "ಹತ್ತು ದಿನ ಸೈಕಲ್ ಬೇಡ" ಎಂದರು. ಆಮೇಲೆ ಸ್ಪ್ಯಾನರಮ್ಮನಿಗೆ, "ನೀವು ಆಫೀಸಿಗೆ ಬನ್ನಿ."

ಸ್ಪ್ಯಾನರಮ್ಮ ಇಳಿಸಲು ಕೈ ಚಾಚಿದರೆ ಟೈಲರಕ್ಕ ಹಿಡಿಯಲಿಲ್ಲ. ಗೋಡೆಯ ಕಂಬಿ ಹಿಡಿದೇ ಇಳಿದಳು.

"ತಪ್ಪು ಯಾರಾದ್ರೂ ಮಾಡ್ತಾರೆ ಬಿಡು. ನೋವು ಅಂದಾಗ ನಕ್ಕೆಯಲ್ಲ, ಅದು..."

"ಅಕ್ಕಾ..."

"ಹತ್ತು ದಿನ ಬಿಟ್ಟು ಬರ್ತೀನಿ. ಮೊದಲು ನೀನು ಹತ್ತಿ ತುಳೀಬೇಕು. ನಾನು ಪರದೆ ಮುಂದೆ ನಿಂತು ನೋಡಿ, ಆಮೇಲೇ ಹತ್ತೋದು."

"ಆಗಲಿ ಅಕ್ಕಾ."

ಆಫೀಸಿಗೆ ಹೋಗುವ ಮೊದಲು ಅವಳು ಉಳಿದ ಐದು ಸೈಕಲ್ಲುಗಳನ್ನೂ ಒಂದೊಂದಾಗಿ ಹತ್ತಿ ತುಳಿದಳು. ಎಲ್ಲವೂ ಸರಿಯಾಗಿಯೇ ಇದ್ದವು. ಆದರೂ ಟೈಲರಕ್ಕನ ಸೈಕಲ್ಲನ್ನು ಮತ್ತೆ ಹತ್ತಿ, ಬಲಗಾಲು ಒತ್ತಿ, ಬಾಗಿಲಾಚೆಯ ಪರದೆ ನೋಡಿದಳು.