ಉಮ್ಮನ ತೋಟ, ಅರ್ಬಾಬನ ಗಿಡುಗ

ಉಮ್ಮನ ಮೂಗು ನೀಲಿ ಬಣ್ಣದ್ದಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ. ದುಬೈ ಕಡೆಯ ಹಳೆಯ ಕಾಲದ ಹೆಂಗಸರು ಹುಬ್ಬಿನಿಂದ ತುಟಿಯವರೆಗೆ ಒಂದು ಮುಖವಾಡ ಕಟ್ಟಿಕೊಳ್ಳುತ್ತಾರೆ. ದೂರದಿಂದ ತಾಮ್ರದ ತಗಡಿನ ಹಾಗೆ ಹೊಳೆಯುತ್ತದೆ, ಹತ್ತಿರ ಹೋದರೆ ಬರೀ ಬಟ್ಟೆ. ಅದರ ನೀಲಿ, ಬೆವರಿಗೆ ಬಿಟ್ಟು ಬಿಟ್ಟು ಚರ್ಮಕ್ಕೆ ಹಿಡಿದಿತ್ತು. ಅಡುಗೆಮನೆಯಲ್ಲಿ ನಾನೊಬ್ಬಳೇ ಇರುವಾಗ ಅದನ್ನು ತೆಗೆದು ಮೊಳೆಗೆ ಸಿಕ್ಕಿಸಿ ಮುಖ ತೊಳೆಯುತ್ತಿದ್ದರು. ಮೊದಲ ದಿನ ಆ ಮೂಗು ನೋಡಿ ಯಾರೋ ಹೊಡೆದಿದ್ದಾರೆ ಎಂದುಕೊಂಡೆ. ಆ ಹೆಂಗಸಿನ ಮೇಲೆ ಕೈ ಎತ್ತುವವನು ಇನ್ನೂ ಹುಟ್ಟಿರಲಿಲ್ಲ ಎಂದು ಆಮೇಲೆ ತಿಳಿಯಿತು.

ನಾವು ಬ್ಯಾರಿಗಳು ತಾಯಿಯನ್ನು ಉಮ್ಮ ಎನ್ನುತ್ತೇವೆ, ಅರಬಿಗಳೂ ಹಾಗೆಯೇ. ಆದ್ದರಿಂದ ಅವರನ್ನು ಏನೆಂದು ಕರೆಯುವುದು ಎಂದು ನಾನು ಯೋಚಿಸಬೇಕಾಗಿ ಬರಲಿಲ್ಲ. ಉಳಿದ ಅರಬಿಯನ್ನು ಅವರ ಬೈಗುಳದಿಂದ ಕಲಿತೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಶಾಲೆಯ ಮಾಸ್ತರು ಕಲಿಸಿದ್ದಕ್ಕಿಂತ ಉಮ್ಮ ಬೈದು ಕಲಿಸಿದ್ದೇ ಹೆಚ್ಚು.

ಜೆಬೆಲ್ ಅಲಿ ಬಂದರಿನಿಂದ ಒಳಗೆ, ಮರಳಿನಲ್ಲಿ ಬಹಳ ಹೊತ್ತು ಹೋದ ಮೇಲೆ ಅವರ ತೋಟ. ಖರ್ಜೂರದ ಮರಗಳು, ಆಡುಗಳಿಗೆಂದು ಬೆಳೆಸಿದ ಹಸಿರು ಮೇವು, ಒಂದು ಬಾವಿ, ಸುತ್ತ ತಂತಿಬೇಲಿ. ತೊಂಬತ್ತರ ದಶಕದಲ್ಲಿ ನಾನೂ ನನ್ನ ಗಂಡನೂ ಅಲ್ಲಿದ್ದೆವು. ಅವರು ತೋಟ ಮತ್ತು ಪಿಕಪ್ಪು ನೋಡಿಕೊಳ್ಳುತ್ತಿದ್ದರು, ನಾನು ಅಡುಗೆ. ಉಮ್ಮ ವಿಧವೆ, ಮಕ್ಕಳಿಲ್ಲ. ತೋಟ ಅವರ ತಂದೆಯಿಂದ ಬಂದದ್ದು. ಆದರೆ ಸರಕಾರಿ ಕೆಲಸವನ್ನೆಲ್ಲ ಮಾಡುತ್ತಿದ್ದದ್ದು ಅವರ ಅಣ್ಣನ ಮಗ. ನಮ್ಮಿಬ್ಬರ ವೀಸಾ ಇದ್ದದ್ದೂ ಅವನ ಹೆಸರಿನಲ್ಲಿ. ಅಂದರೆ ಅನ್ನ ಹಾಕುವವರು ಉಮ್ಮ, ಕಾಗದದ ಧಣಿ ಅವನು. ಧಣಿಯನ್ನು ಅಲ್ಲಿ ಅರ್ಬಾಬ್ ಎನ್ನುತ್ತಾರೆ. ಅವನು ಸಹಿ ಹಾಕಿದರೆ ನಾವು ಇರಬೇಕು, ಅಳಿಸಿದರೆ ಊರಿಗೆ ಹೋಗಬೇಕು. ಊರಲ್ಲಿ ನನ್ನ ತಾಯಿಯ ಹತ್ತಿರ ನಮ್ಮ ಇಬ್ಬರು ಮಕ್ಕಳು ಓದುತ್ತಿದ್ದರು. ನನ್ನ ಗಂಡನಿಗೆ ಊರಲ್ಲಿ ಕೆಲಸ ಯಾವುದೂ ಇರಲಿಲ್ಲ.

ಉಮ್ಮ ಬರಿಗಾಲಲ್ಲಿ ನಡೆಯುತ್ತಿದ್ದರು, ಮೇ ತಿಂಗಳ ಮರಳಿನಲ್ಲೂ. ಬೆಳಿಗ್ಗೆ ನಮಾಜು ಮುಗಿಸಿ ನೇರ ನೀರಿನ ಕಾಲುವೆಗೆ ಹೋಗಿ ಯಾವ ಮರಕ್ಕೆ ಎಷ್ಟು ಬಿಡಬೇಕೋ ತಾವೇ ಬಿಡುತ್ತಿದ್ದರು. ನನ್ನ ಗಂಡ ಗುದ್ದಲಿ ಹಿಡಿದು ಹಿಂದೆ ನಿಲ್ಲಬೇಕು, ಅಷ್ಟೇ. ನನ್ನ ಮೀನುಸಾರನ್ನು ದಿನಾ ಬೈಯುತ್ತಿದ್ದರು. "ಇದು ಸಾರೋ ಬೆಂಕಿಯೋ? ನಿನ್ನ ಗಂಡ ಇನ್ನೂ ಹೇಗೆ ಬದುಕಿದ್ದಾನೆ?" ಎನ್ನುವುದು, ಇನ್ನೊಂದು ತುತ್ತು ಹಾಕಿಕೊಳ್ಳುವುದು. ಒಂದು ದಿನ ಮೆಣಸು ಕಡಿಮೆ ಹಾಕಿದೆ. ಬಟ್ಟಲನ್ನು ದೂಡಿ "ನನಗೇನು ಕಾಯಿಲೆಯಾ?" ಎಂದರು. ಚೆನ್ನಾಗಿದೆ ಎಂಬ ಮಾತು ಆ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ನನಗೂ ಅಂಥ ಮಾತು ಅಭ್ಯಾಸವಿಲ್ಲ, ಹಾಗಾಗಿ ಹೊಂದಿಕೊಂಡೆವು.

ಚಳಿಗಾಲ ಬಂದರೆ ಜಗಳವೂ ಬರುತ್ತಿತ್ತು. ಆಗ ಅಲ್ಲಿಯ ಗಂಡಸರು ಗಿಡುಗ ಹಿಡಿದುಕೊಂಡು ಮರಳಿಗೆ ಹೊರಡುತ್ತಾರೆ. ಹಕ್ಕಿಯ ಕಣ್ಣಿಗೆ ಚರ್ಮದ ಟೊಪ್ಪಿ, ಅದನ್ನು ಕೂರಿಸಿಕೊಂಡ ಕೈಗೆ ದಪ್ಪ ಗವಸು, ಹಿಂದೆ ಮುಂದೆ ಜೀಪುಗಳು. ಬೇಟೆಯಾಡಬಾರದು ಎಂದು ಆಗಲೇ ಕಾನೂನು ಇತ್ತಂತೆ. ಕೇಳಿದರೆ "ಹಕ್ಕಿಗೆ ಅಭ್ಯಾಸ ಮಾಡಿಸುತ್ತಿದ್ದೇವೆ" ಎನ್ನುತ್ತಿದ್ದರು. ಅಭ್ಯಾಸ ಮಾಡಿಸುವಾಗ ಮೊಲ ಎದ್ದು ಓಡಿದರೆ ಹಕ್ಕಿಯನ್ನು ಹಿಡಿದುಕೊಳ್ಳುವವರು ಯಾರು? ಸುತ್ತೆಲ್ಲ ಒಣ ಮರಳು, ಹಸಿರು ಇರುವುದು ಉಮ್ಮನ ಮೇವಿನಲ್ಲಿ ಮಾತ್ರ. ಮೊಲಗಳು ತಂತಿಯ ಕೆಳಗೆ ನುಸುಳಿ ಒಳಗೆ ಬರುತ್ತಿದ್ದವು. ಹಿಂದೆಯೇ ಗಿಡುಗ, ಅದರ ಹಿಂದೆ ಜೀಪು. ಒಂದು ವರ್ಷ ತಂತಿ ಕತ್ತರಿಸಿಯೇ ನುಗ್ಗಿದರು. ನೀರಿನ ಪೈಪುಗಳು ಚಕ್ರದಡಿ ಒಡೆದು ಹೋದವು, ಆಡುಗಳು ಹೆದ್ದಾರಿಯವರೆಗೆ ಹೋದವು. ಎರಡು ಆಡು ವಾಪಸು ಬರಲಿಲ್ಲ.

ಬೇಟೆಯವರ ವಾದ ಹೀಗೆ: ನಮ್ಮ ಅಜ್ಜಂದಿರು ಬೇಟೆಯಾಡುವಾಗ ಇಲ್ಲಿ ತಂತಿ ಎಲ್ಲಿತ್ತು? ಮರಳು ದೇವರದ್ದು, ಮೊಲ ದೇವರದ್ದು, ಹಕ್ಕಿ ಇಳಿದ ಕಡೆ ನಾವು ಹೋಗಲೇಬೇಕು.

ಉಮ್ಮ ಹೇಳುತ್ತಿದ್ದದ್ದು: "ಮೊಲ ದೇವರದ್ದೇ. ಪೈಪು ಯಾರದ್ದು?"

ಅವರ ಹತ್ತಿರ ಇನ್ನೊಂದು ಮಾತೂ ಇತ್ತು. ಶತ್ರುವೇ ಆಗಲಿ, ನಿನ್ನ ಗುಡಾರದ ಹಗ್ಗ ಮುಟ್ಟಿ ಒಳಗೆ ಬಂದ ಮೇಲೆ ಅವನನ್ನು ಕಾಯಬೇಕಾದವನು ನೀನು. ಅದು ಅವರ ಕಡೆಯ ಹಳೆಯ ಕಟ್ಟಳೆ. ಉಮ್ಮ ಅದನ್ನು ಮೊಲಕ್ಕೂ ಹಚ್ಚಿದ್ದರು. ಮನುಷ್ಯರ ಕಾನೂನು ಮೊಲಕ್ಕೆ ಉಂಟಾ ಎಂದು ಯಾರೋ ಒಬ್ಬ ನಕ್ಕಿದ್ದಕ್ಕೆ, "ಮೊಲಕ್ಕೆ ತಂತಿ ಕತ್ತರಿಸಲಿಕ್ಕೆ ಬರುವುದಿಲ್ಲ. ನಿನಗಿಂತ ಮರ್ಯಾದೆ ಇದೆ" ಎಂದರು. ಆಮೇಲೆ ಗೇಟಿಗೆ ಸರಪಳಿ ಹಾಕಿಸಿ ಬೀಗದ ಕೈಯನ್ನು ನನ್ನ ಗಂಡನಿಗೆ ಕೊಟ್ಟರು. "ಯಾರೇ ಬರಲಿ, ಮೊದಲು ನನ್ನನ್ನು ಕೇಳು. ನಾನು ಬೇಡ ಎನ್ನುವವಳಲ್ಲ. ಕೇಳದೆ ಬರುವವನನ್ನು ಬಿಡುವವಳೂ ಅಲ್ಲ."

ಅರ್ಬಾಬನಿಗೂ ಗಿಡುಗದ ಹುಚ್ಚಿತ್ತು. ಒಂದು ಜನವರಿಯ ಮಧ್ಯಾಹ್ನ ಅವನು ಅಬುಧಾಬಿಯಿಂದ ಬಂದ ಒಬ್ಬ ದೊಡ್ಡ ಮನುಷ್ಯನನ್ನು ಕರೆದುಕೊಂಡು ಬೇಟೆಗೆ ಬಂದಿದ್ದ. ಆ ಅತಿಥಿಯ ಗಿಡುಗ ಮೊಲವೊಂದನ್ನು ಅಟ್ಟಿಕೊಂಡು ಬಂದು ನಮ್ಮ ಮೇವಿನ ಗದ್ದೆಯೊಳಗೆ ಇಳಿಯಿತು. ಜೀಪು ಗೇಟಿಗೆ ಬಂದು ನಿಂತಿತು. ಗಿಡುಗ ಹೊಟ್ಟೆ ತುಂಬ ತಿಂದರೆ ಮತ್ತೆ ಕರೆದರೂ ಬರುವುದಿಲ್ಲ, ಹಾರಿ ಹೋಗುತ್ತದೆ. ಆದ್ದರಿಂದ ಅವರಿಗೆ ಅವಸರ.

"ಯಲ್ಲಾ, ಬೇಗ ಗೇಟು ತೆಗಿ" ಎಂದ ಅರ್ಬಾಬ್.

"ಉಮ್ಮನನ್ನು ಕೇಳಿ ಬರ್ತೇನೆ ಅರ್ಬಾಬ್" ಎಂದರು ನನ್ನ ಗಂಡ.

"ನಿನ್ನ ವೀಸಾದಲ್ಲಿ ಯಾರ ಹೆಸರಿದೆ?"

"ನಿಮ್ಮದೇ."

"ಮತ್ತೆ?"

ನನ್ನ ಗಂಡ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತೇ ಇದ್ದರು. ಧೈರ್ಯದಿಂದಲ್ಲ. ಯಾರಿಗೆ ಹೆಚ್ಚು ಹೆದರಬೇಕು ಎಂದು ತಿಳಿಯದೆ ಕಾಲು ಹೂತು ಹೋಗಿತ್ತು ಎಂದು ಆಮೇಲೆ ಅವರೇ ಹೇಳಿದರು. ಅಷ್ಟರಲ್ಲಿ ಉಮ್ಮ ಬಂದರು. ಅತಿಥಿಗೆ ಸಲಾಂ ಹೇಳಿ, ಮನೆಯವರೆಲ್ಲ ಕ್ಷೇಮವೇ ಎಂದು ಕೇಳಿ, "ಬನ್ನಿ, ಮೊದಲು ಕಾಫಿ" ಎಂದರು. ಹಕ್ಕಿ ಅಲ್ಲಿ ತಿನ್ನುತ್ತಾ ಕೂತಿದೆ. ಆದರೂ ಹಿರಿಯ ಹೆಂಗಸು ಕಾಫಿಗೆ ಕರೆದರೆ ಒಲ್ಲೆ ಎನ್ನುವ ಹಾಗಿಲ್ಲ. ಜೀಪನ್ನು ಹೊರಗೇ ಬಿಟ್ಟು ಇಬ್ಬರೂ ನಡೆದುಕೊಂಡು ಬಂದು ಖರ್ಜೂರದ ಗರಿಯ ಚಪ್ಪರದಲ್ಲಿ ಕೂತರು.

ಗಂಡಸರು ಬಂದರೆ ಕಾಫಿ ಹೊಯ್ಯುವುದು ಯಾವಾಗಲೂ ನನ್ನ ಗಂಡ. ಅವತ್ತು ಅವರು ಗೇಟಿನಲ್ಲಿದ್ದರು, ಹಾಗಾಗಿ ಉಮ್ಮ ನನ್ನನ್ನು ಕರೆದರು. ಹೆಂಗಸರಿಗೆ ಹೊಯ್ದು ನನಗೆ ಗೊತ್ತಿತ್ತು: ಕಿವಿಯಿಲ್ಲದ ಸಣ್ಣ ಕಪ್ಪು, ತಳದಲ್ಲಿ ಸ್ವಲ್ಪವೇ ಕಾಫಿ. ಸಾಕಾದರೆ ಕಪ್ಪನ್ನು ಅಲ್ಲಾಡಿಸಿ ಕೊಡುತ್ತಾರೆ. ಆದರೆ ಆ ಅತಿಥಿ ಕಪ್ಪು ತೆಗೆದುಕೊಂಡವನು ಕುಡಿಯಲಿಲ್ಲ, ಅಲ್ಲಾಡಿಸಲೂ ಇಲ್ಲ. ತನ್ನ ಮುಂದೆ ಚಾಪೆಯ ಮೇಲೆ ಇಟ್ಟ. ಆರಿ ಹೋಯಿತೋ ಏನೋ ಎಂದು ನಾನು ಅದನ್ನು ಎತ್ತಿ, ಹೊರಗೆ ಚೆಲ್ಲಿ, ಬಿಸಿ ಕಾಫಿ ಹೊಯ್ದು ಕೊಟ್ಟೆ. ಅವನು ನನ್ನ ಮುಖ ನೋಡಿದ. ಮತ್ತೆ ಕೆಳಗಿಟ್ಟ. ಇವನಿಗೆ ಬಿಸಿ ಹೆಚ್ಚಾಯಿತೆಂದು ಅದನ್ನೂ ಎತ್ತಿ ಚೆಲ್ಲಿದೆ.

ಅರ್ಬಾಬನ ಮುಖ ಕೆಂಡದ ಹಾಗೆ ಆಗಿತ್ತು. ನನಗೆ ಏನೂ ತಿಳಿಯಲಿಲ್ಲ. ಕಾಫಿ ಪಾತ್ರೆ ಹಿಡಿದುಕೊಂಡು ಮೂರನೆಯ ಸಲ ಬಗ್ಗಿದೆ.

"ಬಿಡು, ಸಾಕು" ಎಂದರು ಉಮ್ಮ. ಮುಖವಾಡದ ಒಳಗೆ ಅವರು ನಗುತ್ತಿದ್ದದ್ದು ಭುಜದಿಂದ ಗೊತ್ತಾಗುತ್ತಿತ್ತು.

ವಿಷಯ ಏನೆಂದು ಆಮೇಲೆ ನನ್ನ ಗಂಡ ಹೇಳಿದರು. ಅಲ್ಲಿ ಅತಿಥಿ ಕಾಫಿ ಕುಡಿಯದೆ ಕೆಳಗಿಟ್ಟರೆ, ನನ್ನದೊಂದು ಬೇಡಿಕೆ ಇದೆ, ನಡೆಸಿಕೊಡುತ್ತೇನೆ ಎಂದು ನೀವು ಹೇಳುವ ತನಕ ಕುಡಿಯುವುದಿಲ್ಲ ಎಂದು ಅರ್ಥ. ಮನೆಯವರು "ಕುಡಿಯಿರಿ, ಆಯಿತು" ಎಂದರೆ ಮಾತು ಕೊಟ್ಟ ಹಾಗೆ. ಅತಿಥಿ ಕಾಫಿ ಕುಡಿಯದೆ ಎದ್ದು ಹೋದರೆ ಆ ಮನೆಯ ಮಾನ ಹೋಯಿತು. ಆ ಚಳಿಗಾಲವೆಲ್ಲ ಜೀಪುಗಳಿಗೆ ಗೇಟು ತೆರೆದಿರಬೇಕು ಎಂದು ಕೇಳಿಸುವುದು ಅರ್ಬಾಬನ ಉಪಾಯ. ಹಕ್ಕಿ ಒಂದು ನೆಪ. ಅತಿಥಿಯ ಬಾಯಲ್ಲಿ ಕೇಳಿಸಿದರೆ ಅತ್ತೆ ಇಲ್ಲವೆನ್ನುವ ಹಾಗಿಲ್ಲ. ಆ ಬೇಡಿಕೆಯನ್ನು ನಾನು ಎರಡು ಸಲ ಎತ್ತಿಕೊಂಡು ಹೋಗಿ ಖರ್ಜೂರದ ಬುಡಕ್ಕೆ ಚೆಲ್ಲಿದ್ದೆ.

ಉಮ್ಮ ಅತಿಥಿಗೆ ಹೇಳಿದರು: "ಇವಳು ಹಿಂದೂಸ್ತಾನದವಳು, ನಮ್ಮ ಕಪ್ಪಿನ ಮಾತು ಇವಳಿಗೆ ತಿಳಿಯದು. ಕಪ್ಪು ಹೋಯಿತು, ಖಲಾಸ್. ನಿಮಗೆ ಏನು ಬೇಕೋ ಬಾಯಲ್ಲಿ ಹೇಳಿ."

ಬಾಯಲ್ಲಿ ಹೇಳುವುದು ಕಷ್ಟ, ಬಾಯಿಮಾತಿಗೆ ಇಲ್ಲ ಎನ್ನಬಹುದು. ಆ ಮನುಷ್ಯ ದೊಡ್ಡವನೇ. ಅರ್ಬಾಬನನ್ನು ಒಮ್ಮೆ ನೋಡಿದ, ಒಡೆದ ಪೈಪಿಗೆ ಸುತ್ತಿದ್ದ ಬಟ್ಟೆಯನ್ನು ಒಮ್ಮೆ ನೋಡಿದ. "ನನ್ನ ಹಕ್ಕಿ ನಿಮ್ಮ ತೋಟದಲ್ಲಿದೆ. ಹೋಗಿ ತರಲು ಅಪ್ಪಣೆ ಬೇಕು. ಇಷ್ಟೇ" ಎಂದ.

"ಮೊಲಕ್ಕೆ ಜೀವ ಇದ್ದರೆ ಅದು ನನ್ನ ಅತಿಥಿ. ಸತ್ತಿದ್ದರೆ ನಿಮ್ಮ ಹಕ್ಕಿಯದು. ನಡೆಯಿರಿ" ಎಂದು ಉಮ್ಮ ತಾವೇ ಮುಂದೆ ಹೋದರು. ಮೊಲ ಸತ್ತಿತ್ತು. ಗಿಡುಗ ಇನ್ನೂ ಹೊಟ್ಟೆ ತುಂಬಿಸಿಕೊಂಡಿರಲಿಲ್ಲ, ಕೈಮೇಲೆ ಬಂದು ಕೂತಿತು. ಆ ಮನುಷ್ಯ ನನ್ನ ಕೈಯಿಂದಲೇ ಇನ್ನೊಂದು ಕಪ್ಪು ಕೇಳಿ ಕುಡಿದು ಹೋದ.

ಅರ್ಬಾಬ್ ಕುಡಿಯಲಿಲ್ಲ. ಗೇಟಿನಲ್ಲಿ ನನ್ನ ಗಂಡನಿಗೆ, "ಶನಿವಾರ ಇಬ್ಬರ ಪಾಸ್‌ಪೋರ್ಟೂ ಆಫೀಸಿಗೆ ಬರಲಿ. ಕ್ಯಾನ್ಸಲ್" ಎಂದು ಹೇಳಿ ಜೀಪು ಹತ್ತಿದ.

"ಎಂಥ ಮಾಡಿದೆ ಮಾರಾಯ್ತಿ, ಆ ಕಪ್ಪನ್ನು ಯಾಕೆ ಮುಟ್ಟಲಿಕ್ಕೆ ಹೋದೆ ನೀನು?" ಎಂದು ನನ್ನ ಗಂಡ ತಲೆ ಹಿಡಿದು ಕೂತರು.

"ಕಾಫಿ ಆರಿದ್ರೆ ಮತ್ತೆಂಥ ಮಾಡುದು? ನೀವು ಹೇಳಿ ಕೊಟ್ಟಿದ್ರಾ ನಂಗೆ?" ಎಂದೆ.

ಅತ್ತು ಉಪಯೋಗವಿಲ್ಲ. ನಾನು ಸೂಟ್‌ಕೇಸು ಎಳೆದು ಬಟ್ಟೆ ಮಡಚಲು ಕೂತೆ. ಉಮ್ಮ ಬಾಗಿಲಲ್ಲಿ ಬಂದು ನಿಂತರು.

"ಏನಿದು?"

"ಊರಿಗೆ ಹೋಗ್ತೇವೆ ಉಮ್ಮ. ಖಲಾಸ್."

"ನಾನು ಹೇಳಿದೆನಾ?"

"ಅರ್ಬಾಬ್ ಹೇಳಿದರು."

"ಅನ್ನ ಸೀದು ವಾಸನೆ ಬರ್ತಿದೆ. ಹೋಗಿ ನೋಡು."

ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಉಮ್ಮ ಹೊಸ ಮುಖವಾಡ ಕಟ್ಟಿ, ಊದಿನ ಹೊಗೆ ಹಾಕಿಸಿಕೊಂಡು ಪಿಕಪ್ಪಿನಲ್ಲಿ ಕೂತರು. ದುಬೈಯ ಅರ್ಬಾಬನ ಮನೆಗೆ ಅವರು ತಾವಾಗಿ ಹೋದದ್ದನ್ನು ನಾನು ನೋಡಿರಲಿಲ್ಲ. ಕಾಣಬೇಕಾದವರು ತೋಟಕ್ಕೇ ಬರಲಿ ಎನ್ನುತ್ತಿದ್ದ ಹೆಂಗಸು. ಅಲ್ಲಿಯ ದೊಡ್ಡ ಕೋಣೆಯಲ್ಲಿ ಅವನ ಸ್ನೇಹಿತರು, ಮಾವಂದಿರು ಗೋಡೆಯುದ್ದಕ್ಕೂ ಕೂತಿದ್ದರು. ಉಮ್ಮ ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಎದ್ದು ನಿಂತರು. ಅರ್ಬಾಬ್ ಓಡಿ ಬಂದು ಅತ್ತೆಯ ಹಣೆಗೆ ಮುತ್ತಿಟ್ಟು ಎಲ್ಲರಿಗಿಂತ ಮೇಲೆ ಕೂರಿಸಿ ತಾನೇ ಕಾಫಿ ಹೊಯ್ದ. ಬಾಗಿಲ ಹೊರಗೆ ಚಪ್ಪಲಿಗಳ ಹತ್ತಿರ ನಾವಿಬ್ಬರು.

ಉಮ್ಮ ಕಪ್ಪು ತೆಗೆದುಕೊಂಡರು. ಕುಡಿಯಲಿಲ್ಲ. ರತ್ನಗಂಬಳಿಯ ಮೇಲೆ ಇಟ್ಟರು.

ಈ ಸಲ ಅದರ ಅರ್ಥ ನನಗೂ ಗೊತ್ತಿತ್ತು. ಉಮ್ಮ ಯಾರ ಮುಂದೆಯೂ ಏನನ್ನೂ ಬೇಡಿದವರಲ್ಲ. ಎರಡು ಆಡು ಹೋದಾಗಲೂ, ಪೈಪು ಒಡೆದಾಗಲೂ ಒಂದು ಬಿಡಿ ದಿರ್ಹಮ್ ಕೇಳಿರಲಿಲ್ಲ.

ಅರ್ಬಾಬ್ ಆ ಕಪ್ಪನ್ನೇ ನೋಡುತ್ತ ಕೂತ. ಸುತ್ತ ಕೂತವರೆಲ್ಲ ಅವನನ್ನು ನೋಡುತ್ತಿದ್ದರು. ಕೊನೆಗೆ "ಕುಡಿಯಿರಿ ಅಮ್ಮತಿ. ಏನು ಕೇಳಿದರೂ ಆಯಿತು" ಎಂದ. ಅಮ್ಮತಿ ಎಂದರೆ ಅರಬಿಯಲ್ಲಿ ಸೋದರತ್ತೆ.

"ಹೊರಗೆ ಚಪ್ಪಲಿ ಹತ್ತಿರ ನಿಂತವರು ಇಬ್ಬರು. ಅವರು ತಾವಾಗಿ ಹೋಗುತ್ತೇವೆ ಎನ್ನುವ ತನಕ ಅವರನ್ನು ನೀನು ಕಳಿಸಬಾರದು."

"ಆಯಿತು."

ಆಗ ಉಮ್ಮ ಕುಡಿದರು. ಕಪ್ಪು ಅಲ್ಲಾಡಿಸಿ ಕೊಟ್ಟು, "ನಿನ್ನ ಕಾಫಿಗೆ ಏಲಕ್ಕಿ ಸಾಲದು" ಎಂದು ಎದ್ದರು. ಹಿಂದಿರುಗುವ ದಾರಿಯಲ್ಲಿ ನಾನು ಏನೋ ಹೇಳಲು ಬಾಯಿ ತೆರೆದೆ. "ಕಿಟಕಿ ಮುಚ್ಚು, ಮರಳು ಬರ್ತದೆ" ಎಂದರು.

ಅರ್ಬಾಬನ ಜೀಪು ಆಮೇಲೆಯೂ ಆ ಕಡೆ ಬರುತ್ತಿತ್ತು. ಗೇಟಿನ ಹೊರಗೆ ನಿಂತು ಹಾರ್ನ್ ಹೊಡೆಯುತ್ತಿದ್ದ. ಉಮ್ಮ ಒಮ್ಮೆ ಬಿಡು ಎನ್ನುತ್ತಿದ್ದರು, ಒಮ್ಮೆ ಬೇಡ ಎನ್ನುತ್ತಿದ್ದರು. ಬೇಡ ಎಂದ ದಿನ ಅವನು ನನ್ನ ಗಂಡನನ್ನು ಬೈದು ಹೋಗುತ್ತಿದ್ದ. ಬೈಗುಳಕ್ಕೆ ವೀಸಾ ಹೋಗುವುದಿಲ್ಲವಲ್ಲ.

ಕೆಲವು ವರ್ಷಗಳ ಮೇಲೆ ಉಮ್ಮ ತೀರಿಹೋದರು. ಬೆಳಿಗ್ಗೆ ಕಾಲುವೆಯ ಬದಿಯಲ್ಲಿ ಕೂತವರು ಏಳಲಿಲ್ಲ. ಸಂಜೆಯೊಳಗೆ ಮಣ್ಣು ಮಾಡಿದರು. ಅಲ್ಲಿ ಸಾವನ್ನು ಮನೆಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ. ಇನ್ನು ನಮ್ಮ ಕೆಲಸ ಮುಗಿಯಿತೆಂದು ನನ್ನ ಗಂಡ ತಾವಾಗಿಯೇ ಪಾಸ್‌ಪೋರ್ಟು ಹಿಡಿದುಕೊಂಡು ಅರ್ಬಾಬನ ಆಫೀಸಿಗೆ ಹೋದರು.

"ನಿನಗೆ ಹೋಗಬೇಕಾ?" ಎಂದು ಕೇಳಿದನಂತೆ.

"ಇಲ್ಲ ಅರ್ಬಾಬ್. ಸಣ್ಣ ಮಗಳ ಓದು ಮುಗಿದಿಲ್ಲ."

"ನಾನು ಮಾತು ಕೊಟ್ಟದ್ದು ಅವರಿಗೆ. ಅವರು ಸತ್ತರೆ ಮಾತು ಸಾಯ್ತದಾ?" ಎಂದು ಹೇಳಿ ವೀಸಾ ಹೊಸತು ಮಾಡಿಸಿ ಕೊಟ್ಟ. ಮತ್ತೆ ಮತ್ತೆ ಮಾಡಿಸಿಕೊಟ್ಟ, ನನ್ನ ಗಂಡನಿಗೆ ವಯಸ್ಸಾಗಿ ಅವರೇ ಸಾಕು ಎನ್ನುವ ತನಕ. ಆ ಮನುಷ್ಯ ನನಗೆ ಇವತ್ತಿಗೂ ಇಷ್ಟವಿಲ್ಲ. ಅದು ಬೇರೆ ಮಾತು.

ಮಕ್ಕಳು ಓದಿದರು. ಸಣ್ಣವಳು ಈಗ ದುಬೈಯ ಅಲ್ ಬರ್ಷಾದಲ್ಲಿ ಗಂಡ ಮಕ್ಕಳೊಂದಿಗೆ ಇದ್ದಾಳೆ. ಅವಳ ಮನೆಗೆ ಹೋದಾಗಲೆಲ್ಲ ನಾನು ಒಂದು ದಿನ ಕಾರು ಮಾಡಿಸಿಕೊಂಡು ಉಮ್ಮನನ್ನು ಮಣ್ಣು ಮಾಡಿದ ಕಬರಸ್ತಾನಕ್ಕೆ ಹೋಗುತ್ತೇನೆ. ಅಲ್ಲಿ ಗೋರಿಗಳ ಮೇಲೆ ಹೆಸರು ಬರೆಯುವುದಿಲ್ಲ. ತಲೆಯ ಕಡೆ ಒಂದು ಕಲ್ಲು, ಅಷ್ಟೇ, ಎಲ್ಲ ಕಲ್ಲೂ ಒಂದೇ ಥರ. ಹೆಂಗಸರನ್ನು ಒಳಗೂ ಬಿಡುವುದಿಲ್ಲ. ನಾನು ಹೊರಗೆ ನಿಂತು ಸತ್ತವರ ಹೆಸರಿನಲ್ಲಿ ಫಾತಿಹಾ ಓದುತ್ತೇನೆ, ಎಲ್ಲ ಕಲ್ಲುಗಳಿಗೂ ಸೇರಿಸಿ. ಅದರಲ್ಲಿ ಉಮ್ಮನ ಪಾಲು ಅವರಿಗೆ ಮುಟ್ಟದೆ ಇರುವುದಿಲ್ಲ. ತಮ್ಮ ಪಾಲನ್ನು ಬಿಟ್ಟುಕೊಡುವ ಹೆಂಗಸಲ್ಲ ಅವರು.